ಸ್ಪಿತಿಗೆ ಸೈಕಲ್ ಹತ್ತುವ ಗೆಳತಿಗೆ

ಸ್ಪಿತಿಗೆ ಒಬ್ಬಳೇ ಸೈಕಲ್ಲಿನಲ್ಲಿ ಹೋಗಿಬಂದೆ ಅಂದರೆ ಜನ ಮೊದಲು ಕೇಳುವುದು, ‘ಮಗನನ್ನ ಯಾರ ಹತ್ರ ಬಿಟ್ಟಿದ್ರಿ?’ ಅಂತ. ಅವನ ಅಪ್ಪನ ಹತ್ತಿರ. ನಿನಗೂ ಈ ಪ್ರಶ್ನೆ ತಪ್ಪಿದ್ದಲ್ಲ, ಉತ್ತರ ಸಿದ್ಧ ಮಾಡಿಕೊಂಡೇ ಹೊರಡು.

ದಾರಿ ಇಷ್ಟೇ: ಮನಾಲಿಯಿಂದ ರೋಹ್ತಾಂಗ್ ಹತ್ತಿ ಇಳಿದು, ಗ್ರಾಂಫೂನಲ್ಲಿ ಬಲಕ್ಕೆ ತಿರುಗಿ, ಛತ್ರು, ಬಾತಲ್, ಚಂದ್ರತಾಲ್, ಕುಂಜುಮ್ ಕಣಿವೆದಾರಿ, ಲೋಸರ್, ಕಾಜಾ. ಸುಮಾರು 200 ಕಿಲೋಮೀಟರ್. ಸೆಪ್ಟೆಂಬರ್ ಮೊದಲರ್ಧವೇ ಸರಿ. ಮುಳ್ಳಯ್ಯನಗಿರಿ ಹತ್ತಿದ್ದೀನಲ್ಲ ಅನ್ನುವ ಜಂಬ ಬೇಡ. 1,930 ಮೀಟರಿನ ಆ ಗಿರಿಯನ್ನು ಒಂದರ ಮೇಲೊಂದು ಎರಡು ಪೇರಿಸಿದರೂ ಕುಂಜುಮ್‌ಗೆ ಸಾಲದು. ಅದು 4,500 ಮೀಟರಿಗೂ ಮೇಲೆ. ಮನಾಲಿಯಲ್ಲಿ ಎರಡು ದಿನ ಸುಮ್ಮನೆ ಕೂರು. ದಾರಿಯಲ್ಲಿ ತಲೆನೋವು ಜೋರಾಗಿ ವಾಂತಿ ಶುರುವಾದರೆ ಹಟ ಮಾಡದೆ ಕೆಳಗಿಳಿ.

ಸೈಕಲ್ ಅಲ್ಲಿಗೆ ಮುಟ್ಟಿಸುವುದೇ ಅರ್ಧ ತಲೆನೋವು. ದೆಹಲಿಯಿಂದ ನಾನು ಹತ್ತಿದ ಖಾಸಗಿ ರಾತ್ರಿ ಬಸ್ಸಿನವನು ಸೈಕಲ್ಲಿಗೆ ಬೇರೆ ದುಡ್ಡು ಕಿತ್ತುಕೊಂಡು, ಅದರ ಮೇಲೆ ಮೂರು ಸೂಟ್‌ಕೇಸ್ ಹೇರಿದ್ದ. ಮನಾಲಿಯಲ್ಲಿ ಇಳಿಸಿ ನೋಡಿದರೆ ಹಿಂದಿನ ಡಿರೇಲರ್ ಹ್ಯಾಂಗರ್ ಸೊಟ್ಟ. ಕಿರುಬೆರಳಿನಷ್ಟು ಅಲ್ಯೂಮಿನಿಯಂ ತುಂಡು ಅದು, ಆದರೆ ಅದು ಸೊಟ್ಟಗಾದರೆ ಗೇರ್ ಕಥೆ ಮುಗಿಯಿತು. ನಿನ್ನ ಸೈಕಲ್ಲಿನದೇ ಮಾಡೆಲ್ಲಿನ ಎರಡು ಹ್ಯಾಂಗರ್ ಬ್ಯಾಗಿನಲ್ಲಿರಲಿ. ಬ್ರೇಕ್ ಪ್ಯಾಡ್ ಒಂದು ಜೊತೆ ಹೆಚ್ಚಿಗೆ. ಒಲೆಯ ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಬಿಡುವುದಿಲ್ಲ, ಮನಾಲಿಯಲ್ಲೇ ಕೊಳ್ಳಬೇಕು.

‘ಮೇಡಂ, ಅಕೇಲಿ?’ ಅಂತ ಹೆದರಿಸಿ, ಹಿಂದೆ ಜೀಪು ಕಳಿಸುತ್ತೇವೆ ಅನ್ನುವವರು ಮನಾಲಿಯ ತುಂಬ ಇದ್ದಾರೆ. ಒಬ್ಬ ನನಗೆ ಹೇಳಿದ ಮೊತ್ತಕ್ಕೆ ಊರಲ್ಲಿ ಹಳೇ ಸ್ಕೂಟರ್ ಬರುತ್ತಿತ್ತು. ನಗುತ್ತಾ ಮುಂದೆ ಹೋಗು.

ಮನೆಯಿಂದ ಅವಲಕ್ಕಿ ಒಯ್ಯಿ. 4,000 ಮೀಟರಿನಲ್ಲಿ ನೀರು 87 ಡಿಗ್ರಿ ಆಸುಪಾಸಿನಲ್ಲೇ ಕುದಿದುಬಿಡುತ್ತದೆ. ಅನ್ನ ಎಷ್ಟು ಕುದಿಸಿದರೂ ನಡುವೆ ಕಾಳುಕಾಳು. ಗೊಜ್ಜವಲಕ್ಕಿಗೆ ಇದ್ಯಾವ ಲೆಕ್ಕವೂ ಇಲ್ಲ. ಎರಡು ಕೆ.ಜಿ. ಅವಲಕ್ಕಿ, ಹುಳಿಪುಡಿ, ಕೊಬ್ಬರಿ, ಒಂದು ಡಬ್ಬಿ ಚಟ್ನಿಪುಡಿ. ಛತ್ರುವಿನ ಢಾಬಾದವನಿಗೆ ಒಂದು ಮುಷ್ಟಿ ಕೊಟ್ಟೆ, ಚಹಾದ ದುಡ್ಡು ಬೇಡ ಅಂದ.

ರೋಹ್ತಾಂಗ್‌ವರೆಗಿನದು ಹಿಮ ನೋಡಲು ಬಂದವರ ಹಾರ್ನು, ಹೊಗೆ. ಮರ್ಹಿಯಲ್ಲಿ ಒಂದು ರಾತ್ರಿ ತಂಗಿ ಬೆಳಗ್ಗೆಯೇ ದಾಟಿಬಿಡು. ಆಚೆ ಬದಿಯ ಇಳಿಜಾರಿನಲ್ಲಿ ಮಾತ್ರ ಸುಖ ಇದೆ. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ಮುಂದೆ ಹೋಗುವ ವಾಹನಗಳು ಹೆಚ್ಚಾಗಿ ಅದರೊಳಗೇ ನುಗ್ಗುತ್ತವೆ.

ಗ್ರಾಂಫೂನಿಂದಾಚೆ ರಸ್ತೆ ಅಂತ ಕರೆಯುವುದು ಮರ್ಯಾದೆಗೆ. ಹೊಳೆಗಲ್ಲಿನ ಹಾಸು, ಟೈರಿನ ಗಾಳಿ ಸ್ವಲ್ಪ ಇಳಿಸಿಕೊ. ಟೆಂಟನ್ನು ಢಾಬಾದ ಪಕ್ಕದಲ್ಲೇ ಹಾಕಿ, ಊಟ ಅವರಲ್ಲೇ ಮಾಡು. ಮನುಷ್ಯರ ಭಯ ನನಗೆ ದೆಹಲಿಯ ಬಸ್‌ಸ್ಟ್ಯಾಂಡಿಗೇ ಮುಗಿದಿತ್ತು. ಇಲ್ಲಿ ಭಯ ಇರುವುದು ಹಳ್ಳದ್ದು.

ಹಿಮ ಕರಗಿದ ನೀರು ದಾರಿಗೆ ಅಡ್ಡ ಹರಿಯುತ್ತದೆ. ರಾತ್ರಿ ಚಳಿಗೆ ಕರಗುವುದು ಕಡಿಮೆ, ಆದ್ದರಿಂದ ಬೆಳಗ್ಗೆ ಹಳ್ಳ ಸಾಧು; ಮಧ್ಯಾಹ್ನದ ಬಿಸಿಲಿಗೆ ಉಕ್ಕುತ್ತದೆ. ಛತ್ರುವಿನಲ್ಲಿ ಎರಡನೇ ಚಹಾ, ಮೂರನೇ ಚಹಾ ಅಂತ ಕೂತಿದ್ದೇ ನನ್ನ ತಪ್ಪು. ಬಾತಲ್ ಇನ್ನೂ ದೂರ ಇರುವಾಗಲೇ ಗಂಟೆ ಎರಡಾಗಿತ್ತು. ಎದುರಿಗೆ ರಾಗಿ ಅಂಬಲಿ ಬಣ್ಣದ ನೀರು, ಅದರೊಳಗೆ ಕಲ್ಲುಗಳು ಉರುಳುವ ಸದ್ದು, ಒರಳಲ್ಲಿ ಗುಂಡು ತಿರುಗಿದ ಹಾಗೆ. ಕೋಲು ಊರಿ ನೋಡಿದೆ, ಕೋಲೇ ನಡುಗಿತು. ಹಿಂದೆ ಸರಿದು, ದಡದಿಂದ ಸಾಕಷ್ಟು ಮೇಲೆ, ಕಲ್ಲು ಬೀಳದ ಜಾಗ ನೋಡಿ ಟೆಂಟ್ ಹಾಕಿದೆ. ಬೆಳಗ್ಗೆ ಐದೂವರೆಗೆ ಅದೇ ಹಳ್ಳದಲ್ಲಿ ನೀರು ಹಿಮ್ಮಡಿಯ ಗಂಟಿನವರೆಗೆ, ಅಂಚಿನ ಕಲ್ಲುಗಳ ಮೇಲೆ ಗಾಜಿನಂಥ ಹಿಮದ ಪೊರೆ. ಮೊದಲು ಚೀಲಗಳು, ಆಮೇಲೆ ಹೆಗಲ ಮೇಲೆ ಸೈಕಲ್. ಬರಿಗಾಲಲ್ಲಿ ಇಳಿಯಬೇಡ, ಪಟ್ಟಿ ಇರುವ ಸ್ಯಾಂಡಲ್ ಬೇಕು.

ಚಂದ್ರತಾಲ್ ದಂಡೆಯಲ್ಲಿ ಟೆಂಟ್ ಹಾಕುವಂತಿಲ್ಲ. ಕ್ಯಾಂಪುಗಳೆಲ್ಲ ಕೆರೆಯಿಂದ ದೂರ. ಒಳ್ಳೆಯದೇ ಆಯಿತು. ಅಲ್ಲಿ ಎರಡು ರಾತ್ರಿ ಕಳೆ, ಸೂರ್ಯ ಬೀಳುವ ಮೊದಲು ಕೆರೆಗೆ ನಡೆದು ಹೋಗು. ಫೋಟೋ ನೋಡಿ ಯಾವ ಅಂದಾಜೂ ಸಿಗುವುದಿಲ್ಲ. ಕುಂಜುಮ್ ಏರಿನಲ್ಲಿ ನಾನು ಅರ್ಧ ದಾರಿ ಸೈಕಲ್ ತಳ್ಳಿದೆ, ನಾಚಿಕೆಯೇನಿಲ್ಲ. ಲೋಸರ್‌ನಿಂದ ಕಾಜಾವರೆಗೆ ಹೇಳುವಂಥದ್ದಿಲ್ಲ, ಬಟಾಣಿ ಹೊಲ ನೋಡುತ್ತಾ ಸಾಗು.

ಇನ್ನು ಮುಖ್ಯ ವಿಷಯ. ನಾನು ಹೋದಾಗ ಗ್ರಾಂಫೂ ದಾಟಿದ ಮೇಲೆ ನನ್ನ ಫೋನಿಗೆ ಸಿಗ್ನಲ್ಲೇ ಇರಲಿಲ್ಲ. ನಾಲ್ಕು ದಿನ ಅಮ್ಮನ ಫೋನ್ ಬರುವುದಿಲ್ಲ ಅಂತ ಮಗನಿಗೆ ಮೊದಲೇ ಹೇಳಿದ್ದೆ, ಅವನು ಕ್ಯಾಲೆಂಡರಿನಲ್ಲಿ ನಾಲ್ಕು ಮನೆ ಕಪ್ಪು ಕ್ರೇಯಾನ್‌ನಲ್ಲಿ ತುಂಬಿದ್ದ. ಆ ಹಳ್ಳ ಒಂದು ದಿನ ತಿಂದಿತಲ್ಲ, ಲೋಸರ್ ಮುಟ್ಟಿದ್ದು ಐದನೇ ಸಂಜೆ. ಹೋಂಸ್ಟೇಯ ಅಕ್ಕನ ಫೋನಿನಿಂದ ಮನೆಗೆ ಮಾಡಿದರೆ, ಎತ್ತಿದವನು ಮಾತಾಡಲೇ ಇಲ್ಲ, ಉಸಿರಷ್ಟೇ ಕೇಳಿಸಿತು. ಊರಿಗೆ ಬಂದು ನೋಡಿದೆ: ಐದನೇ ಮನೆಯನ್ನು ಅರ್ಧ ತುಂಬಿ ಬಿಟ್ಟಿದ್ದಾನೆ. ನಾಲ್ಕು ದಿನ ಅನ್ನಿಸಿದರೆ ಮಕ್ಕಳಿಗೆ ಆರು ಅಂತ ಹೇಳಿ ಹೊರಡು.