ಕರಪತ್ರ ಬಿಸಾಡಬೇಡಿ, ಅದೇ ಸಾಕ್ಷಿ

ಹೆಜಮಾಡಿಯ ಹೆದ್ದಾರಿ ಬದಿಯಲ್ಲಾಗಲಿ, ಮನೆಬಾಗಿಲಿಗೆ ಬಂದ ಕರಪತ್ರದಲ್ಲಾಗಲಿ, ಮೊಬೈಲಿನ ವಿಡಿಯೊದಲ್ಲಾಗಲಿ ‘ಮೂರೇ ತಿಂಗಳಲ್ಲಿ ಶುಗರ್ ಮಾಯ’ ಎಂಬ ಮಾತು ಕಂಡರೆ, ಆ ಮದ್ದು ನಾಟುತ್ತದೋ ಇಲ್ಲವೋ ಎಂಬ ಚರ್ಚೆ ಆಮೇಲಿರಲಿ. ಸಾರ್ವಜನಿಕರಿಗೆ ಹಾಗೆ ಜಾಹೀರಾತು ಕೊಡುವುದೇ ಅಪರಾಧ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯ ಪಟ್ಟಿಯಲ್ಲಿ 54 ಕಾಯಿಲೆಗಳಿವೆ. ಮಧುಮೇಹ, ಬಿಪಿ, ಕ್ಯಾನ್ಸರ್, ಸಂಧಿವಾತ, ಬೊಜ್ಜು, ಮೂತ್ರಪಿಂಡದ ಕಲ್ಲು ಎಲ್ಲವೂ ಅದರಲ್ಲಿ ಸೇರಿವೆ. ಮೊದಲ ಸಲ ತಪ್ಪಿತಸ್ಥರಾದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ.

ಮೊದಲು ಸಾಕ್ಷಿ ಉಳಿಸಿಕೊಳ್ಳಿ. ಕರಪತ್ರ, ಪೊಟ್ಟಣ, ಬಿಲ್ಲು, ಹಣ ಕಳಿಸಿದ ಯುಪಿಐ ವಿವರ ಯಾವುದನ್ನೂ ಎಸೆಯಬೇಡಿ. ವಿಡಿಯೊ ಆಗಿದ್ದರೆ ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ, ಲಿಂಕ್ ಉಳಿಸಿಡಿ. ವ್ಯಾನಿನಲ್ಲಿ ಮೈಕು ಕಟ್ಟಿ ಕೂಗಿದ್ದೂ ಈ ಕಾಯ್ದೆಯಡಿ ಜಾಹೀರಾತೇ. ಬಾಯಿಮಾತಿನ ಘೋಷಣೆ, ಲೇಬಲ್, ಸುತ್ತಿದ ಕಾಗದ ಎಲ್ಲಕ್ಕೂ ಅದು ಅನ್ವಯಿಸುತ್ತದೆ. ಹಾಗಾಗಿ ಕೂಗಿದ್ದನ್ನು ರೆಕಾರ್ಡ್ ಮಾಡಿ, ವಾಹನದ ನಂಬರ್ ಬರೆದುಕೊಳ್ಳಿ.

ಆಮೇಲೆ ಬಾಟಲಿ ತಿರುಗಿಸಿ, ಸಣ್ಣಕ್ಷರ ಓದಿ. ಯಾವ ಕಚೇರಿಗೆ ಹೋಗಬೇಕೆಂದು ತಿಳಿಯುವುದು ಇಲ್ಲಿಯೇ. 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇದ್ದರೆ ಕಾನೂನಿನ ಕಣ್ಣಿಗೆ ಅದು ಆಹಾರ, ಮದ್ದಲ್ಲ. ಆರೋಗ್ಯ ಪೂರಕವಾಗಿದ್ದರೆ ‘ಔಷಧವಾಗಿ ಬಳಸಲು ಅಲ್ಲ’ ಎಂಬ ಸಾಲು ಇರಲೇಬೇಕು. ಮುಂಭಾಗದಲ್ಲಿ ಮಂಡಿನೋವು ವಾಸಿ, ಹಿಂಭಾಗದಲ್ಲಿ ಔಷಧವಲ್ಲ! ಎರಡರ ಫೋಟೊವನ್ನೂ ಅಕ್ಕಪಕ್ಕ ಇಟ್ಟು ಉಡುಪಿಯ ಆಹಾರ ಸುರಕ್ಷತಾ ಅಂಕಿತ ಅಧಿಕಾರಿಗೆ ದೂರು ಕೊಡಿ. ಆಹಾರದ ಸುಳ್ಳು ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. ‘ಆಯುರ್ವೇದಿಕ್ ಮೆಡಿಸಿನ್’ ಎಂದಿದ್ದು ತಯಾರಿಕಾ ಲೈಸೆನ್ಸ್ ಸಂಖ್ಯೆ ಇದ್ದರೆ ಜಿಲ್ಲಾ ಆಯುಷ್ ಕಚೇರಿ, ಅಲೋಪಥಿಯಾದರೆ ಔಷಧ ನಿಯಂತ್ರಣ ವಿಭಾಗ. ಯಾವ ಸಂಖ್ಯೆಯೂ ಇಲ್ಲದಿದ್ದರೆ ತಡಮಾಡಬೇಡಿ. 1954ರ ಕಾಯ್ದೆಯ ಅಪರಾಧ ಸಂಜ್ಞೇಯವಾದ್ದರಿಂದ ಪಡುಬಿದ್ರಿ ಠಾಣೆಯಲ್ಲೇ ದೂರು ಕೊಡಬಹುದು.

ಪ್ರಚಾರ ನಮ್ಮೂರನ್ನು ಮೀರಿದ್ದಾದರೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವಿದೆ. ದೆಹಲಿಗೇ ಬರೆಯಬೇಕಿಲ್ಲ. ಜಿಲ್ಲಾಧಿಕಾರಿಗೂ ದೂರು ಕೊಡಬಹುದೆಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಅವರ ಕಚೇರಿ ಮಣಿಪಾಲದ ರಜತಾದ್ರಿಯಲ್ಲಿದೆ. ಟಿವಿಯಲ್ಲಿ ಸಾಮಾನು ಮಾರುವ ನಾಪ್‌ಟೋಲ್‌ಗೆ 2022ರಲ್ಲಿ ಈ ಪ್ರಾಧಿಕಾರ ಹಾಕಿದ ದಂಡ 10 ಲಕ್ಷ ರೂಪಾಯಿ. ದಾರಿ ತೋಚದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ.

ಕೊಟ್ಟ ಹಣ ವಾಪಸಾಗಬೇಕೆ? ಅದಕ್ಕೆ ಜಿಲ್ಲಾ ಗ್ರಾಹಕ ಆಯೋಗ. ಘಟನೆ ನಡೆದು ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ನೀವು ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಮಾರಿದ ಕಂಪನಿ ಎಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದಾವೆ ಹೂಡಬಹುದು.

ಒಬ್ಬರ ದೂರಿನಿಂದ ಏನಾದೀತು ಎನ್ನುವವರು ಇದೇ ಕರಾವಳಿಯ ಕಣ್ಣೂರಿನತ್ತ ನೋಡಬೇಕು. ಅಲ್ಲಿನ ಕಣ್ಣಿನ ವೈದ್ಯ ಡಾ. ಕೆ.ವಿ. ಬಾಬು ಪತಂಜಲಿ ಬಳಗದ ದಿವ್ಯ ಫಾರ್ಮಸಿಯ ಜಾಹೀರಾತುಗಳ ವಿರುದ್ಧ 2022ರಿಂದ ಬಿಡದೆ ಪತ್ರ ಬರೆದರು. 2024ರಲ್ಲಿ ಕೇರಳದ ಔಷಧ ನಿಯಂತ್ರಣ ಇಲಾಖೆ ನ್ಯಾಯಾಲಯದ ಮೆಟ್ಟಿಲೇರಿತು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, 1954ರ ಕಾಯ್ದೆಯಡಿ ದೂರು ಸ್ವೀಕರಿಸುವ ವ್ಯವಸ್ಥೆಯನ್ನು ಎರಡು ತಿಂಗಳಲ್ಲಿ ಮಾಡಿ ಎಂದು ಎಲ್ಲ ರಾಜ್ಯಗಳಿಗೆ ಸೂಚಿಸಿತು. ಆದರೆ ಆಯುಷ್ ಔಷಧಗಳ ಜಾಹೀರಾತಿಗೆ ಮುಂಚೆಯೇ ಅನುಮತಿ ಬೇಕೆನ್ನುತ್ತಿದ್ದ 170ನೇ ನಿಯಮವನ್ನು ಕೇಂದ್ರ ಸರಕಾರ 2024ರ ಜುಲೈನಲ್ಲಿ ಕೈಬಿಟ್ಟಿದೆ. ಅದು ಸರಿಯಾದ ಕ್ರಮವಲ್ಲ. ಬಾಗಿಲಲ್ಲೇ ತಡೆಯುವವರು ಇಲ್ಲದಿರುವಾಗ ಜನರ ದೂರಿನ ಮೇಲೆಯೇ ಎಲ್ಲ ಭಾರ ಬೀಳುತ್ತದೆ.

ದೂರನ್ನು ಬರವಣಿಗೆಯಲ್ಲೇ ಕೊಡಿ, ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಡಬೇಡಿ. ಉತ್ತರ ಬಾರದಿದ್ದರೆ ಆ ಸ್ವೀಕೃತಿಯ ದಿನಾಂಕ ನಮೂದಿಸಿ ಮಾಹಿತಿ ಹಕ್ಕಿನಡಿ ಕೇಳಿ, 30 ದಿನದಲ್ಲಿ ಉತ್ತರ ಕೊಡಬೇಕು. ಇನ್ನು, ಇಂಥ ಪ್ರಚಾರ ನಂಬಿ ಮನೆಯಲ್ಲಿ ಯಾರಾದರೂ ಇನ್ಸುಲಿನ್ನನ್ನೋ ಬಿಪಿ ಮಾತ್ರೆಯನ್ನೋ ನಿಲ್ಲಿಸಿದ್ದರೆ ದೂರು ನಾಳೆಗಿರಲಿ, ಇಂದೇ ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ.