ಗದ್ದ ಜೋಮು ಹಿಡಿದಿದೆ ಎಂದವರನ್ನು ಹಾಗೇ ಕಳಿಸಬೇಡ

ಚನ್ನಗಿರಿಯಲ್ಲಿ ಕ್ಲಿನಿಕ್ ತೆರೆಯುತ್ತಿದ್ದೇನೆ, ಏನಾದರೂ ಹೇಳಿ ಸರ್ ಎಂದು ಕೇಳಿದೆಯಲ್ಲಮ್ಮ. ಯಾವ ಕಂಪನಿಯ ಕುರ್ಚಿ ಕೊಳ್ಳಬೇಕು, ಎಷ್ಟು ಬಾಡಿಗೆಯ ಮಳಿಗೆ ಹಿಡಿಯಬೇಕು ಎಂಬುದನ್ನೆಲ್ಲ ನಿನ್ನ ಸೀನಿಯರ್‌ಗಳು ಹೇಳುತ್ತಾರೆ. ನಾನು ಬಾಯಿಯ ರೋಗಶಾಸ್ತ್ರ ಪಾಠ ಮಾಡುತ್ತಲೇ ತಲೆ ಹಣ್ಣಾದವನು. ನನ್ನಲ್ಲಿರುವುದು ಒಂದೇ ಮಾತು: ಅಲುಗುವ ಹಲ್ಲಿಗೆ ಇಕ್ಕಳ ಹಾಕುವ ಮೊದಲು ಆ ಮನುಷ್ಯರ ಪೂರ್ವಾಪರವನ್ನೆಲ್ಲ ವಿಚಾರಿಸು.

ನೀನು ಹೋಗುತ್ತಿರುವುದು ಅಡಿಕೆ ಸೀಮೆಗೆ. ಎಲೆಅಡಿಕೆ, ಕಡ್ಡಿಪುಡಿ, ಗುಟ್ಕಾ ಹಾಕುವವರ ಬಾಯಿಯನ್ನು ದಿನಾ ನೋಡುತ್ತೀಯ. ಕೆನ್ನೆಯ ಒಳಗಿನ ಬಿಳಿ ಮಚ್ಚೆ, ನಾಲಿಗೆಯಂಚಿನ ಮಾಯದ ಹುಣ್ಣು, ಬಾಯಿ ಅಗಲಿಸಲಾರದ ಹುಡುಗರು, ಇವುಗಳಿಗೆ ನಿನ್ನ ಕಣ್ಣು ಬೇಗ ಪಳಗುತ್ತದೆ. ಪಳಗಲೇಬೇಕು. ಆದರೆ ಹಾಗೆ ಪಳಗಿದ ಕಣ್ಣೇ ಇನ್ನೊಂದು ಕಡೆ ಮೋಸ ಹೋಗುತ್ತದೆ. ಐವತ್ತು ದಾಟಿದ ಹೆಂಗಸೊಬ್ಬರು "ನನಗೆ ಯಾವ ಚಟವೂ ಇಲ್ಲ ಡಾಕ್ಟ್ರೇ" ಎಂದ ಕೂಡಲೇ ಕ್ಯಾನ್ಸರಿನ ಅನುಮಾನ ನಮ್ಮ ಮನಸ್ಸಿನಿಂದ ಜಾರಿಬಿಡುತ್ತದೆ. ಬಾಯಲ್ಲಿ ಹುಟ್ಟದೆ, ಮೈಯ ಇನ್ನೆಲ್ಲೋ ಹುಟ್ಟಿ, ರಕ್ತದಲ್ಲಿ ಸಾಗಿ ಬಂದು ದವಡೆಯಲ್ಲಿ ನೆಲೆ ನಿಲ್ಲುವ ಕ್ಯಾನ್ಸರ್ ಇದೆಯಲ್ಲ, ಅದಕ್ಕೆ ಎಲೆಅಡಿಕೆಯ ಹಂಗಿಲ್ಲ.

ಇದು ಅಪರೂಪವೇ. ಬಾಯಲ್ಲಿ ಕಾಣುವ ನೂರು ಕ್ಯಾನ್ಸರ್‌ಗಳಲ್ಲಿ ಹೆಚ್ಚುಕಡಿಮೆ ಒಂದು. ಹೆಂಗಸರಲ್ಲಿ ಹೆಚ್ಚಾಗಿ ಸ್ತನದಿಂದ, ಗಂಡಸರಲ್ಲಿ ಶ್ವಾಸಕೋಶದಿಂದ ಬರುತ್ತದೆ. ಮೂತ್ರಪಿಂಡ, ಪ್ರಾಸ್ಟೇಟ್, ಥೈರಾಯ್ಡ್, ಯಕೃತ್ತು, ದೊಡ್ಡ ಕರುಳು ಇವೂ ಪಟ್ಟಿಯಲ್ಲಿವೆ. ಮೃದು ಭಾಗಕ್ಕಿಂತ ಮೂಳೆಗೆ ಬರುವುದು ಹೆಚ್ಚು. ಮೇಲ್ದವಡೆಗಿಂತ ಕೆಳದವಡೆಗೆ, ಅದರಲ್ಲೂ ಹಿಂದಿನ ದವಡೆ ಹಲ್ಲುಗಳ ಬುಡಕ್ಕೆ ತೀರಾ ಹೆಚ್ಚು. ಲಂಡನ್ನಿನ ಸ್ಟೀಫನ್ ಪ್ಯಾಜೆಟ್ ಎಂಬ ಶಸ್ತ್ರವೈದ್ಯ 1889ರಲ್ಲಿ, ಸ್ತನ ಕ್ಯಾನ್ಸರಿನಿಂದ ಸತ್ತ 735 ಹೆಂಗಸರ ಶವಪರೀಕ್ಷೆಯ ದಾಖಲೆಗಳನ್ನು ಮುಂದಿಟ್ಟುಕೊಂಡು, ಬೀಜ ಎಲ್ಲೆಡೆ ಬಿದ್ದರೂ ಒಗ್ಗುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಎಂದು ವಾದಿಸಿದ. ಕೆಳದವಡೆಯ ಹಿಂಭಾಗದಲ್ಲಿ ವಯಸ್ಸಾದ ಮೇಲೂ ಒಂದಿಷ್ಟು ಕೆಂಪು ಮಜ್ಜೆ ಉಳಿದಿರುತ್ತದೆ, ಅಲ್ಲಿ ರಕ್ತದ ಓಟ ನಿಧಾನ. ದೂರದಿಂದ ಬಂದ ಜೀವಕೋಶಗಳು ತಂಗುವುದಕ್ಕೆ ಅದು ಅನುಕೂಲವೆಂಬುದು ಇವತ್ತಿನ ವಿವರಣೆ.

ಅಪರೂಪದ್ದನ್ನು ಯಾಕಿಷ್ಟು ಒತ್ತಿ ಹೇಳುತ್ತೀರಿ ಎನ್ನಬಹುದು ನೀನು. ಇಂಥ ರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮೂಲ ಕ್ಯಾನ್ಸರ್ ಇದೆಯೆಂದೇ ಆವರೆಗೆ ಗೊತ್ತಿರುವುದಿಲ್ಲ. ಮೈಯೊಳಗಿನ ರೋಗ ಮೊದಲು ಬಾಯಿಬಿಡುವುದೇ ನಿನ್ನ ಕುರ್ಚಿಯಲ್ಲಿ. ಅವರು ಬರುವುದೂ ಕ್ಯಾನ್ಸರ್ ಎಂದು ಹೇಳಿಕೊಂಡಲ್ಲ. ಹಲ್ಲು ನೋವು, ಹಲ್ಲು ಅಲ್ಲಾಡುತ್ತೆ, ದವಡೆ ಬಾತಿದೆ, ಹಲ್ಲಿನ ಸೆಟ್ಟು ಕೂರುತ್ತಿಲ್ಲ ಎಂದು.

ಮತ್ತು ಜೋಮು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಕೇಳು. ಕೆಳದವಡೆಯ ಮೂಳೆಯೊಳಗಿನ ಕಾಲುವೆಯಲ್ಲಿ ಸಾಗುವ ನರ ಮುಂಗಡೆ ಒಂದು ರಂಧ್ರದಿಂದ ಹೊರಬಂದು ಕೆಳತುಟಿಗೂ ಗದ್ದಕ್ಕೂ ಸ್ಪರ್ಶಜ್ಞಾನ ಕೊಡುತ್ತದೆ. ಗಡ್ಡೆ ಈ ನರವನ್ನು ಅದುಮಿದರೆ, ಇಲ್ಲವೇ ಅದರೊಳಕ್ಕೆ ನುಗ್ಗಿದರೆ, ಒಂದು ಪಕ್ಕದ ಗದ್ದ ಮರಗಟ್ಟುತ್ತದೆ. ನೋವಿಲ್ಲ, ಬಾವಿಲ್ಲ, ಹೊರಗೆ ಏನೂ ಕಾಣದು. ಬಿಸಿ ಕಾಫಿ ತುಟಿಗೆ ತಾಗಿದ್ದು ತಿಳಿಯಲಿಲ್ಲ, ಗಡ್ಡ ಕೆರೆಯುವಾಗ ಬ್ಲೇಡು ತಾಗಿದ್ದು ಗೊತ್ತಾಗಲಿಲ್ಲ, ಅನ್ನದ ಅಗುಳು ಅಂಟಿದ್ದನ್ನು ಮೊಮ್ಮಗಳು ಹೇಳಬೇಕಾಯಿತು, ಹೀಗೆ ಹೇಳುತ್ತಾರೆ. ಮನೆಯವರು ಲಕ್ವದ ಭಯದಲ್ಲಿ ಕರೆತಂದಿರುತ್ತಾರೆ. ನಗಲು ಹೇಳು, ತುಟಿ ಸೇರಿಸಿ ಊದಲು ಹೇಳು. ಬಾಯಿ ಸೊಟ್ಟಗಾಗುವುದಿಲ್ಲ, ಚಲನೆಯೆಲ್ಲ ಸರಿಯಾಗಿಯೇ ಇರುತ್ತದೆ, ಹೋಗಿರುವುದು ಸ್ಪರ್ಶ ಮಾತ್ರ. ಸ್ಕಾಟ್ಲೆಂಡಿನ ಚಾರ್ಲ್ಸ್ ಬೆಲ್ 1830ರ ಸುಮಾರಿಗೇ ಸ್ತನ ಕ್ಯಾನ್ಸರ್ ಇದ್ದ ಒಬ್ಬ ಹೆಂಗಸಿನಲ್ಲಿ ಇದನ್ನು ಗುರುತಿಸಿ ಬರೆದಿಟ್ಟ. ಎರಡು ಶತಮಾನವಾಗುತ್ತ ಬಂದರೂ ಇಂಥವರಿಗೆ ಬಿ ಕಾಂಪ್ಲೆಕ್ಸ್ ಮಾತ್ರೆ ಬರೆದುಕೊಟ್ಟು ಕಳಿಸುವುದು ನಿಂತಿಲ್ಲ. ನನಗೆ ಇದು ಬಹಳ ನೋವಿನ ಸಂಗತಿ.

ಜೋಮಿಗೆ ಬೇರೆ ಕಾರಣಗಳೂ ಇವೆ. ಬುದ್ಧಿಹಲ್ಲು ಕೀಳಿಸಿದ್ದಾರೆಯೇ, ದವಡೆಗೆ ಪೆಟ್ಟು ಬಿದ್ದಿದೆಯೇ, ಹಲ್ಲಿನ ಬುಡದಲ್ಲಿ ಕೀವು ಕಟ್ಟಿದೆಯೇ, ಸವೆದ ದವಡೆಯ ಮೇಲೆ ಸೆಟ್ಟು ಒತ್ತುತ್ತಿದೆಯೇ, ಎಲ್ಲ ನೋಡು. ಯಾವುದೂ ಇಲ್ಲವೆಂದರೆ, ಬೇರೆಯದೆಂದು ಸಾಬೀತಾಗುವವರೆಗೂ ಅದು ಕ್ಯಾನ್ಸರ್ ಎಂದೇ ಎಣಿಸಿ ಹುಡುಕು. ಓಪಿಜಿ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ ಎಂದು ನಿಲ್ಲಿಸಬೇಡ. ಕೆಲವರಲ್ಲಿ ಎಕ್ಸ್‌ರೇ ಚೊಕ್ಕವಾಗಿಯೇ ಇರುತ್ತದೆ. ಇನ್ನು ಕೆಲವರಲ್ಲಿ ತೊಂದರೆ ದವಡೆಯಲ್ಲಿರದೆ ತಲೆಬುರುಡೆಯ ತಳದಲ್ಲಿರುತ್ತದೆ, ಅದಕ್ಕೆ ಎಂಆರ್‌ಐ ಬೇಕು. ಲಿಂಫೋಮಾ ಕೂಡ ಹೀಗೇ ಗದ್ದದ ಜೋಮಿನಿಂದ ಶುರುವಾಗಬಹುದು.

ಹಲ್ಲು ಕಿತ್ತ ಮೇಲಿನ ಗಾಯವನ್ನೂ ನೋಡುತ್ತಿರು. ಸುತ್ತಲಿನ ವಸಡು ಚೆನ್ನಾಗಿದ್ದು ಒಂದೇ ಹಲ್ಲು ಅಲ್ಲಾಡುತ್ತಿದ್ದರೆ ಕೀಳುವ ಮೊದಲೇ ಅನುಮಾನ ಬರಬೇಕು. ಕಿತ್ತು ಎರಡು ಮೂರು ವಾರವಾದರೂ ಗುಳಿ ಮುಚ್ಚದೆ ಅದರಿಂದ ಮೆತ್ತನೆಯ ಮಾಂಸ ಉಕ್ಕಿ ಬರುತ್ತಿದ್ದರೆ ಕೆರೆದು ಎಸೆದು ಆಂಟಿಬಯಾಟಿಕ್ ಬರೆಯಬೇಡ. ಕೆರೆದದ್ದು ಬಯಾಪ್ಸಿಗೆ ಹೋಗಬೇಕು. ಒಂದರ ಹಿಂದೆ ಒಂದು ಮಾತ್ರೆಯ ಕೋರ್ಸು, ಪಕ್ಕದ ಇನ್ನೆರಡು ಹಲ್ಲು, ಹೀಗೆ ಕಳೆದುಹೋಗುವ ತಿಂಗಳುಗಳು ಆ ರೋಗಿಯ ಪಾಲಿಗೆ ಬಹಳ ದೊಡ್ಡವು. ವಸಡಿನ ಮೇಲೆ ಬರುವ ಗಡ್ಡೆಯೂ ಹೀಗೆಯೇ ಮೋಸ ಮಾಡುತ್ತದೆ. ಬಸುರಿಯರ ವಸಡಿನಲ್ಲಿ ಕಾಣುವ ಕೆಂಪು ಗಂಟಿನ ಹಾಗೇ ಇರುತ್ತದೆ, ಮುಟ್ಟಿದರೆ ರಕ್ತ. ವಯಸ್ಸಾದವರಲ್ಲಿ ಅದು ಭರಭರನೆ ಬೆಳೆದರೆ ಎಚ್ಚರ. ಮೂತ್ರಪಿಂಡದಿಂದಲೋ ಥೈರಾಯ್ಡಿನಿಂದಲೋ ಬಂದದ್ದಾದರೆ ಕತ್ತರಿಸಿದ ಕಡೆ ರಕ್ತ ನಿಲ್ಲಿಸುವುದು ಕಷ್ಟ. ಸಂಶಯವಿದ್ದರೆ ನಿನ್ನ ಕ್ಲಿನಿಕ್ಕಿನಲ್ಲಿ ಕೈ ಹಾಕದೆ ದೊಡ್ಡ ಆಸ್ಪತ್ರೆಗೆ ಕಳಿಸು.

ಇನ್ನು ವಿಚಾರಿಸುವ ರೀತಿ. "ಕ್ಯಾನ್ಸರ್ ಆಗಿತ್ತಾ?" ಎಂದು ನೇರವಾಗಿ ಕೇಳಿದರೆ ಸೊಸೆಯ ಎದುರು ಅತ್ತೆ, ಅಳಿಯನ ಎದುರು ಮಾವ ಇಲ್ಲವೆಂದೇ ಹೇಳುತ್ತಾರೆ. ಅವರನ್ನು ಒಬ್ಬರೇ ಕೂರಿಸಿಕೊಂಡು "ಯಾವತ್ತಾದರೂ ಗಡ್ಡೆ ಆಪರೇಷನ್ ಆಗಿತ್ತಾ ಅಮ್ಮ? ಕರೆಂಟ್ ಕೊಟ್ಟಿದ್ದರಾ? ಔಷಧಿಗೆ ಕೂದಲು ಉದುರಿತ್ತಾ?" ಎಂದು ಕೇಳು. ಹತ್ತು ವರ್ಷದ ಹಿಂದಿನದು ಎಂದರೂ ಬರೆದುಕೋ. ಮೂತ್ರಪಿಂಡ ತೆಗೆದು ದಶಕ ಕಳೆದ ಮೇಲೂ ಆ ಕ್ಯಾನ್ಸರ್ ಬೇರೆಡೆ ತಲೆ ಎತ್ತಬಲ್ಲದು. ಮೂಳೆ ಗಟ್ಟಿಯಾಗಲೆಂದು ತಿಂಗಳಿಗೊಂದು ಇಂಜೆಕ್ಷನ್ ಹಾಕುತ್ತಿದ್ದರಾ ಎಂದೂ ಕೇಳು. ಝೊಲೆಡ್ರೋನಿಕ್ ಆಸಿಡ್, ಡೆನೊಸುಮ್ಯಾಬ್ ತೆಗೆದುಕೊಂಡವರಲ್ಲಿ ಹಲ್ಲು ಕಿತ್ತ ಜಾಗದ ಮೂಳೆಯೇ ಸತ್ತು ಕೊಳೆಯಬಹುದು. ಅವರ ಕ್ಯಾನ್ಸರ್ ವೈದ್ಯರಿಗೆ ಫೋನ್ ಮಾಡದೆ ಇಕ್ಕಳ ಹಿಡಿಯಬೇಡ.

ಬಯಾಪ್ಸಿ ಕಳಿಸುವಾಗ ಫಾರ್ಮಿನಲ್ಲಿ "ಗಡ್ಡೆ, ದವಡೆ" ಎಂದು ಎರಡೇ ಪದ ಗೀಚಬೇಡಮ್ಮ. ಮೈಕ್ರೋಸ್ಕೋಪಿನ ಕೆಳಗೆ ಸ್ತನದಿಂದ ಬಂದದ್ದು ಎಷ್ಟೋ ಸಲ ಜೊಲ್ಲುಗ್ರಂಥಿಯ ಗಡ್ಡೆಯ ಹಾಗೇ ಕಾಣುತ್ತದೆ. ಹಿಂದಿನ ಆಪರೇಷನ್ನಿನ ವಿವರ ಬರೆದಿದ್ದರೆ ಪೆಥಾಲಜಿಸ್ಟ್ ಹಳೆಯ ಸ್ಲೈಡುಗಳನ್ನು ತರಿಸಿ ಹೋಲಿಸುತ್ತಾರೆ, ಬೇಕಾದ ವಿಶೇಷ ಪರೀಕ್ಷೆ ಮಾಡುತ್ತಾರೆ. ಆ ಒಂದು ಸಾಲಿನಿಂದ ರೋಗದ ಹೆಸರೇ ಬದಲಾಗಬಹುದು.

ದವಡೆಗೆ ಬಂದಿದೆ ಎಂದರೆ ಸಾಮಾನ್ಯವಾಗಿ ರೋಗ ಬೇರೆ ಕಡೆಯೂ ಹರಡಿದೆ ಎಂದೇ ಅರ್ಥ. ಹೆಚ್ಚಿನವರಿಗೆ ಉಳಿದಿರುವುದು ತಿಂಗಳುಗಳು. ಇದನ್ನು ನಿನ್ನಿಂದ ಮುಚ್ಚಿಡಲಾರೆ. ಆದರೂ ಪ್ರಾಸ್ಟೇಟ್, ಸ್ತನ, ಥೈರಾಯ್ಡ್ ಮೂಲದ ಕೆಲವರು ಇವತ್ತಿನ ಔಷಧಿಗಳಿಂದ ವರ್ಷಗಟ್ಟಲೆ ಬದುಕುತ್ತಾರೆ. ಆ ಭಾಗ್ಯವಿಲ್ಲದವರಿಗೂ ಕೆಲವೇ ಸಲದ ರೇಡಿಯೇಷನ್ನಿನಿಂದ ನೋವು ಇಳಿದು, ಮುದ್ದೆಯೋ ಗಂಜಿಯೋ ನೆಮ್ಮದಿಯಾಗಿ ಉಣ್ಣುವಂತಾಗುತ್ತದೆ. ಇದು ಸಣ್ಣದೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಎಕ್ಸ್‌ರೇ ಹಿಡಿದು ಅಲ್ಲೇ ತೀರ್ಪು ಕೊಡಬೇಡ. "ಮೂಳೆಯಲ್ಲಿ ಏನೋ ಬದಲಾವಣೆ ಕಾಣುತ್ತಿದೆ, ಏನೆಂದು ತಿಳಿಯದೆ ಹಲ್ಲು ಕೀಳುವುದು ಬೇಡ" ಎಂದರೆ ಅದು ಸತ್ಯವೂ ಹೌದು, ಅವರು ಅಂದು ರಾತ್ರಿ ಹೊತ್ತು ಮಲಗಬಹುದಾದಷ್ಟು ಭಾರವೂ ಹೌದು. ಬೆಂಗಳೂರಿನ ಕಿದ್ವಾಯಿಗೋ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಕಳಿಸುವಾಗ ಬಿಪಿಎಲ್ ಕಾರ್ಡ್ ಇದೆಯೇ ಎಂದು ಕೇಳು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ ಎಂದು ಬಿಡಿಸಿ ಹೇಳು. ದುಡ್ಡಿಗೆ ಹೆದರಿ ಮನೆಯಲ್ಲೇ ಉಳಿದುಬಿಡುವವರು ಬಹಳ.

ಬಯಾಪ್ಸಿಗೆ ಕಳಿಸಿದ ಪ್ರತಿಯೊಬ್ಬರ ಹೆಸರು, ಊರು, ಮಗನದೋ ಮಗಳದೋ ಫೋನ್ ನಂಬರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಕೊಯ್ಲಿನ ಕಾಲದಲ್ಲಿ ರಿಪೋರ್ಟ್ ತೆಗೆದುಕೊಂಡು ಹೋಗಲು ಯಾರೂ ಬರುವುದಿಲ್ಲ. ಎರಡು ವಾರ ಕಾದು ನೀನೇ ಫೋನ್ ಮಾಡಿ ಕರೆಸು.