ರಕ್ತದ ಕಾಯಿಲೆಯವರಿಗೆ ಫ್ಲೂ ಲಸಿಕೆ ನಾಟಬೇಕಾದರೆ



ನಲ್ಲೂರಿನ ಹುಣಸೆ ತೋಪು ತಮಗೆಲ್ಲಾ ಗೊತ್ತು. 2007ರಲ್ಲಿ ದೇಶದ ಮೊದಲನೆಯ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಹೆಸರು ಪಡೆದ ತೋಪು ಅದು. ಕಳೆದ ಬೇಸಿಗೆಯಲ್ಲಿ ಅದರ ನೆರಳಿನಲ್ಲಿ ಕುಳಿತು, ಮಳೆಗಾಲಕ್ಕೆ ಮುಂಚೆ ದನಗಳಿಗೆ ಹಾಕಿಸತಕ್ಕ ಲಸಿಕೆಗಳ ವಿಷಯ ಮಾತಾಡುತ್ತಿದ್ದೆವು. ಆಗ ಹಿರಿಯರೊಬ್ಬರು ಕೇಳಿದರು: "ದನದ ಮಾತು ಇರಲಪ್ಪ. ನನಗೆ ರಕ್ತದ ಕ್ಯಾನ್ಸರ್ ಅಂತ ಡಾಕ್ಟರು ಹೇಳಿ ನಾಲ್ಕು ವರ್ಷ ಆಯಿತು. ಹೋದ ವರ್ಷ ಫ್ಲೂ ಸೂಜಿ ಹಾಕಿಸಿಕೊಂಡೆ. ಆದರೂ ಮೊಮ್ಮಗನಿಂದ ಜ್ವರ ಬಂತು, ಎಂಟು ದಿನ ಆಸ್ಪತ್ರೆಯಲ್ಲಿ ಮಲಗಿದೆ. ಈ ವರ್ಷವೂ ದುಡ್ಡು ಯಾಕೆ ಹಾಳು ಮಾಡಲಿ?"

ಪ್ರಶ್ನೆ ನ್ಯಾಯವಾದದ್ದೇ. ನಾನು ಬೆಳೆ ಮತ್ತು ದನಕರುಗಳ ವಿಷಯ ಕಲಿತವನೇ ಹೊರತು ವೈದ್ಯನಲ್ಲ. ಆದಕಾರಣ ತಿಳಿದವರನ್ನು ಕೇಳಿಕೊಂಡು ಬಂದು ಈ ಪಾಠವನ್ನು ಬರೆಯುತ್ತಿದ್ದೇನೆ.

ಲಸಿಕೆ ಸರಿಯಾಗಿ ನಾಟುವುದಿಲ್ಲ, ಏಕೆ?

ಲಸಿಕೆ ಎಂಬುದು ಬಿತ್ತನೆಬೀಜವಿದ್ದಂತೆ. ಬೀಜ ಎಷ್ಟೇ ಒಳ್ಳೆಯದಿರಲಿ, ಭೂಮಿಯಲ್ಲಿ ಸತ್ವವಿದ್ದರೆ ತಾನೆ ಫಸಲು? ಲಸಿಕೆ ಹಾಕಿದಾಗ ನಮ್ಮ ರಕ್ತದಲ್ಲಿರುವ ಒಂದು ಬಗೆಯ ಬಿಳಿಯ ಕಣಗಳು ಆ ರೋಗಾಣುವಿನ ಗುರುತು ಹಿಡಿದು, ಅದನ್ನು ಎದುರಿಸುವ ಪ್ರತಿಕಾಯಗಳನ್ನು ತಯಾರಿಸುತ್ತವೆ. ಈ ಪ್ರತಿಕಾಯಗಳೇ ಲಸಿಕೆಯ ಫಸಲು.

ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರಿಗೆ ದೀರ್ಘಕಾಲಿಕ ಲ್ಯುಕೇಮಿಯಾ ಎನ್ನುತ್ತಾರೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಲಿಂಫೋಸೈಟಿಕ್ ಎಂಬ ಬಗೆ ಹೆಚ್ಚಾಗಿ ವಯಸ್ಸಾದವರಿಗೆ ಬರುತ್ತದೆ. ಇದರಲ್ಲಿ ಪ್ರತಿಕಾಯ ತಯಾರಿಸಬೇಕಾದ ಕಣಗಳೇ ಕೆಟ್ಟು ಹೆಚ್ಚುತ್ತವೆ. ರಾಗಿ ಹೊಲದಲ್ಲಿ ರಾಗಿಯ ಪೈರಿನಂತೆಯೇ ಕಾಣುವ ಕಳೆಯನ್ನು ನೀವು ಕಂಡಿದ್ದೀರಿ. ಅದು ಹೊಲವನ್ನೆಲ್ಲಾ ತುಂಬುತ್ತದೆ, ಆದರೆ ಮನೆಗೆ ಒಂದು ಸೇರು ಕಾಳನ್ನೂ ಕೊಡುವುದಿಲ್ಲ. ಈ ಕಣಗಳ ಕಥೆಯೂ ಹಾಗೆಯೇ. ಆದ್ದರಿಂದ ಲಸಿಕೆಯ ಫಸಲು ಕಡಿಮೆಯಾಗುತ್ತದೆ, ಕೆಲವರಲ್ಲಿ ಬಹಳ ಕಡಿಮೆಯಾಗುತ್ತದೆ.

ಮೈಲಾಯ್ಡ್ ಎಂಬುದು ಇನ್ನೊಂದು ಬಗೆ. ಇಮಾಟಿನಿಬ್ ಮೊದಲಾದ ಮಾತ್ರೆಗಳಿಂದ ಇದನ್ನು ವರ್ಷಾನುಗಟ್ಟಲೆ ಹತೋಟಿಯಲ್ಲಿಡಬಹುದು. ಇಂಥವರಲ್ಲಿ ಲಸಿಕೆ ಸಾಮಾನ್ಯವಾಗಿ ಮೊದಲ ಬಗೆಯವರಿಗಿಂತ ಚೆನ್ನಾಗಿ ನಾಟುತ್ತದೆ. ನಿಮ್ಮ ಮನೆಯವರದು ಯಾವ ಬಗೆಯೆಂಬುದನ್ನು ವೈದ್ಯರಿಂದ ಕೇಳಿ ತಿಳಿದಿರತಕ್ಕದ್ದು.

ಕಡಿಮೆ ಫಸಲೆಂದು ಬಿತ್ತನೆ ಬಿಡುವುದೇ?

ಮಳೆ ಕೈಕೊಟ್ಟ ವರ್ಷ ಎಕರೆಗೆ ನಾಲ್ಕೇ ಮೂಟೆ ರಾಗಿ ಆಯಿತೆಂದು ಮರುವರ್ಷ ಹೊಲವನ್ನು ಬೀಳುಬಿಡುವವರುಂಟೆ? ಇಲ್ಲ. ಹದ ನೋಡಿ ಬಿತ್ತುತ್ತೇವೆ, ಗೊಬ್ಬರ ಕೊಡುತ್ತೇವೆ, ಬೇಲಿ ಭದ್ರಪಡಿಸುತ್ತೇವೆ. ಲಸಿಕೆಯಲ್ಲಿಯೂ ಮಾಡತಕ್ಕದ್ದು ಈ ಮೂರನ್ನೇ.

ಮೊದಲನೆಯದು ಹದ. ನಮ್ಮ ಕಡೆ ಫ್ಲೂ ಜ್ವರ ಮಳೆಗಾಲದಲ್ಲಿ ಹೆಚ್ಚುತ್ತದೆ. ಜನವರಿಯಿಂದ ಮಾರ್ಚಿಯವರೆಗೆ ಇನ್ನೊಮ್ಮೆ ತಲೆಯೆತ್ತುತ್ತದೆ. ಲಸಿಕೆ ಕೆಲಸಕ್ಕೆ ಬರಲು ಸುಮಾರು ಎರಡು ವಾರ ಬೇಕು. ಗಳಲೆರೋಗ, ಚಪ್ಪೆರೋಗಗಳ ಲಸಿಕೆಯನ್ನು ದನಗಳಿಗೆ ಮುಂಗಾರಿಗೆ ಮೊದಲೇ ಹಾಕಿಸುತ್ತೀರಲ್ಲವೆ? ಹಾಗೆಯೇ ಇದನ್ನೂ ಕೃತ್ತಿಕೆ, ರೋಹಿಣಿ ಮಳೆಗಳ ಕಾಲದಲ್ಲಿ, ಅಂದರೆ ಮೇ ತಿಂಗಳಿನಿಂದ ಜೂನ್ ಮೊದಲ ವಾರದೊಳಗೆ ಹಾಕಿಸುವುದು ಮೇಲು. ಫ್ಲೂ ರೋಗಾಣು ವರ್ಷ ವರ್ಷವೂ ರೂಪ ಬದಲಿಸುವುದರಿಂದ ಲಸಿಕೆಯನ್ನೂ ಬದಲಿಸುತ್ತಾರೆ. ಹೋದ ವರ್ಷದ ಸೂಜಿ ಈ ವರ್ಷಕ್ಕೆ ಸಾಲದು.

ಚಿಕಿತ್ಸೆಯ ಹದವನ್ನೂ ನೋಡಬೇಕು. ಕ್ಯಾನ್ಸರಿನ ಔಷಧಿ ಆರಂಭವಾಗುವುದಕ್ಕೆ ಎರಡು ವಾರ ಮುಂಚೆ ಲಸಿಕೆ ಆದರೆ ಒಳ್ಳೆಯದು. ರಿಟುಕ್ಸಿಮಾಬ್ ಎಂಬ ಔಷಧಿ ಪಡೆದವರಲ್ಲಿ ಸುಮಾರು ಆರು ತಿಂಗಳ ತನಕ ಲಸಿಕೆ ಬಹಳ ಕಡಿಮೆ ನಾಟುತ್ತದೆ. ಆದುದರಿಂದ ಕಿದ್ವಾಯಿ ಆಸ್ಪತ್ರೆಗಾಗಲಿ ಬೇರೆಡೆಗಾಗಲಿ ತಪಾಸಣೆಗೆ ಹೋದಾಗ, "ನಾನು ಫ್ಲೂ ಲಸಿಕೆ ಯಾವಾಗ ಹಾಕಿಸಲಿ?" ಎಂದು ಬಾಯಿಬಿಟ್ಟು ಕೇಳಿರಿ. ಲಸಿಕೆ ನಾಟಲೆಂದು ನುಂಗುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಮಾತ್ರ ಖಂಡಿತ ಕೂಡದು.

ಎರಡನೆಯದು ಗೊಬ್ಬರ, ಅಂದರೆ ಲಸಿಕೆಯ ಪ್ರಮಾಣ. ಸಾಮಾನ್ಯ ಫ್ಲೂ ಲಸಿಕೆಯಲ್ಲಿ ರೋಗಾಣುವಿನ ಒಂದೊಂದು ತಳಿಗೆ 15 ಮೈಕ್ರೋಗ್ರಾಂ ಸತ್ವವಿರುತ್ತದೆ. ಅಮೆರಿಕದಲ್ಲಿ 2009ರಲ್ಲಿ, 65 ವರ್ಷ ದಾಟಿದವರಿಗಾಗಿ, 60 ಮೈಕ್ರೋಗ್ರಾಂ ಇರುವ ಹೆಚ್ಚು ಪ್ರಮಾಣದ ಲಸಿಕೆಗೆ ಮಂಜೂರಾತಿ ಸಿಕ್ಕಿತು. ಕೆಲವು ವಾರಗಳ ಅಂತರದಲ್ಲಿ ಎರಡನೆಯ ಸೂಜಿ ಕೊಡುವುದನ್ನೂ ಪರೀಕ್ಷಿಸಿ ನೋಡಿದ್ದಾರೆ. ರಕ್ತದ ಕ್ಯಾನ್ಸರಿನವರಲ್ಲಿ ಇಂಥ ಕ್ರಮಗಳು ಕೆಲವರಿಗೆ ಪ್ರತಿಕಾಯಗಳನ್ನು ಹೆಚ್ಚಿಸಿವೆ, ಎಲ್ಲರಿಗೂ ಅಲ್ಲ. ಯಾರಿಗೆ ಯಾವುದು ತಕ್ಕುದೆಂದು ತೀರ್ಮಾನಿಸುವವರು ವೈದ್ಯರು. ಒಂದು ಎಚ್ಚರಿಕೆ: ಮೂಗಿಗೆ ಸಿಂಪಡಿಸುವ ಲಸಿಕೆಯಲ್ಲಿ ಜೀವಂತ ರೋಗಾಣು ಇರುವುದರಿಂದ ಅದು ಇವರಿಗೆ ಕೂಡದು. ಸೂಜಿಯ ಲಸಿಕೆಯಲ್ಲಿ ಜೀವಂತ ರೋಗಾಣು ಇರುವುದಿಲ್ಲ. ಅದರಿಂದ ಫ್ಲೂ ಬರುತ್ತದೆಂಬ ಮಾತು ಸುಳ್ಳು. ಒಂದೆರಡು ದಿನ ತೋಳುನೋವು, ಸ್ವಲ್ಪ ಮೈಬಿಸಿ ಆಗಬಹುದು, ಅಷ್ಟೆ.

ಮೂರನೆಯದು ಬೇಲಿ. ಎಲ್ಲಕ್ಕಿಂತ ದೊಡ್ಡ ಮಾತು ಇದೇ. ರೋಗಿಯ ಹೊಲದಲ್ಲಿ ಫಸಲು ಕಡಿಮೆ, ಸರಿ. ಆದರೆ ಸುತ್ತಲಿರುವ ಮಗ, ಸೊಸೆ, ಮೊಮ್ಮಕ್ಕಳಲ್ಲಿ ಲಸಿಕೆ ಚೆನ್ನಾಗಿ ನಾಟುತ್ತದೆ. ಅವರಿಗೆ ಫ್ಲೂ ಬರುವ ಸಂಭವ ಕಡಿಮೆಯಾದರೆ, ಅದು ರೋಗಿಯ ಹಾಸಿಗೆಯವರೆಗೆ ಬರುವ ಸಂಭವವೂ ಕಡಿಮೆ. ಹಿರಿಯರ ಮನೆಯಲ್ಲಿ ವಿಚಾರಿಸಿದಾಗ ತಿಳಿದದ್ದು ಇಷ್ಟು: ಹೋದ ವರ್ಷ ಸೂಜಿ ಹಾಕಿಸಿಕೊಂಡವರು ಅವರೊಬ್ಬರೇ. ಪೈರಿಗೆ ಔಷಧಿ ಹೊಡೆದು ಬೇಲಿಯ ಕಂಡಿಯನ್ನು ತೆರೆದೇ ಬಿಟ್ಟಂತಾಗಿತ್ತು.

ಫ್ಲೂ ಲಸಿಕೆ ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಸೇರಿಲ್ಲ. ಸಾಮಾನ್ಯವಾಗಿ ಹಣ ಕೊಟ್ಟೇ ಹಾಕಿಸಬೇಕು. ಮನೆಮಂದಿಗೆಲ್ಲಾ ಒಮ್ಮೆಗೇ ಆಗದಿದ್ದರೆ, ರೋಗಿಯೊಡನೆ ಒಂದೇ ಕೋಣೆಯಲ್ಲಿ ಮಲಗುವವರಿಗೆ, ಊಟ ಉಪಚಾರ ಮಾಡುವವರಿಗೆ, ಶಾಲೆಗೆ ಹೋಗಿಬರುವ ಮಕ್ಕಳಿಗೆ ಮೊದಲು ಹಾಕಿಸಿರಿ.

ಇಷ್ಟಾದರೂ ಜ್ವರ ಬಂದರೆ?

ಲಸಿಕೆ ಆಗಿದೆಯೆಂದು ಮೈಮರೆಯಬಾರದು. 1918ರ ಫ್ಲೂ ಮಹಾಮಾರಿ ಮೈಸೂರು ಸಂಸ್ಥಾನದಲ್ಲಿ ಹಬ್ಬಿದಾಗ ಜನರ ಕೈಯಲ್ಲಿ ಇದಕ್ಕೆ ಔಷಧಿಯೇ ಇರಲಿಲ್ಲ. ಈಗ ಒಸೆಲ್ಟಾಮಿವಿರ್ ಎಂಬ ಔಷಧಿ ಇದೆ. ಆದರೆ ಜ್ವರ ಕಾಣಿಸಿಕೊಂಡ 48 ಗಂಟೆಗಳೊಳಗೆ ಆರಂಭಿಸಿದರೆ ಅದರಿಂದ ಹೆಚ್ಚಿನ ಗುಣ. ನಮ್ಮ ಹಿರಿಯರು ಜ್ವರದ ಮಾತ್ರೆ ನುಂಗಿ ಮೂರು ದಿನ ಮನೆಯಲ್ಲೇ ಕಾದಿದ್ದರು. ಕಫ ಎದೆಗಿಳಿದ ಮೇಲೆ ಆಸ್ಪತ್ರೆಗೆ ಹೋದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. ರಕ್ತದ ಕಾಯಿಲೆಯವರಿಗೆ 100.4 ಡಿಗ್ರಿ ಜ್ವರ, ಇಲ್ಲವೆ ಕೆಮ್ಮು, ಏದುಸಿರು ಕಂಡ ದಿನವೇ ವೈದ್ಯರ ಬಳಿಗೆ ಕರೆದೊಯ್ಯಿರಿ. ಅವರಿಗಿರುವ ಕಾಯಿಲೆ ಯಾವುದೆಂದು ಮೊದಲೇ ಹೇಳಿರಿ.

ನೆನಪಿಡತಕ್ಕ ಅಂಶಗಳು

1. ಪ್ರತಿವರ್ಷ, ಮುಂಗಾರಿಗೆ ಮೊದಲು, ಸೂಜಿಯ ಲಸಿಕೆ.
2. ದಿನವನ್ನೂ ಪ್ರಮಾಣವನ್ನೂ ಚಿಕಿತ್ಸೆ ಕೊಡುವ ವೈದ್ಯರಿಂದಲೇ ಗೊತ್ತುಮಾಡಿಸಿಕೊಳ್ಳುವುದು. ನ್ಯುಮೋನಿಯಾ ಲಸಿಕೆಯನ್ನೂ ವಿಚಾರಿಸುವುದು.
3. ಮಾತ್ರೆಯನ್ನು ತಾವಾಗಿ ನಿಲ್ಲಿಸದಿರುವುದು.
4. ಮನೆಯವರಿಗೂ ಲಸಿಕೆ, ನೆಗಡಿ ಜ್ವರ ಇರುವವರು ರೋಗಿಯಿಂದ ದೂರ.
5. ಜ್ವರ ಬಂದ ದಿನವೇ ಆಸ್ಪತ್ರೆ.

ಹಿರಿಯರಿಗೆ ನಾನು ಹೇಳಿದ ಉತ್ತರವೂ ಇಷ್ಟೇ: "ಯಜಮಾನರೇ, ಹೋದ ವರ್ಷದ ದುಡ್ಡು ಹಾಳಾಗಲಿಲ್ಲ, ಬೇಲಿ ಹಾಕುವುದು ಮರೆತುಹೋಗಿತ್ತು." ಈ ಸಲ ರೋಹಿಣಿ ಮಳೆಗೆ ಮುಂಚೆ ಅವರ ಮನೆಯ ಐದು ಮಂದಿಯೂ ಸೂಜಿ ಹಾಕಿಸಿಕೊಂಡಿದ್ದಾರೆ. ನಿಮ್ಮ ಊರಿನಲ್ಲಿಯೂ ಇಂಥ ಮನೆಯಿದ್ದರೆ ಈ ಪಾಠವನ್ನು ಅವರಿಗೆ ಓದಿ ಹೇಳಿರಿ.